ಹಣ್ಣಿನ ಪೆಟ್ಟಿಗೆ ತೆರೆದು ನೋಡುವವರು
(ಕಲಿಕಾ ಕೇಂದ್ರವೊಂದರಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ಒಂದು ನೌಕರಿಯ ಬಗ್ಗೆ ಹೇಳ್ತೀನಿ. ಈ ನೌಕರಿ ಮಾಡುವವರು ತಮ್ಮ ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗ್ತಾರೆ. ಅಲ್ಲಿ ಹಣ್ಣು, ತರಕಾರಿ, ಹೂವಿನ ಗಡ್ಡೆ ಇವನ್ನು ಪೆಟ್ಟಿಗೆಯಿಂದ ತೆಗೆದು, ತಿರುಗಿಸಿ, ಕೊಯ್ದು ನೋಡ್ತಾರೆ. ಹುಳ ಇದೆಯೋ, ರೋಗ ಇದೆಯೋ ಹುಡುಕ್ತಾರೆ. ಸಿಕ್ಕರೆ ಕಾಗದದಲ್ಲಿ ಬರೀತಾರೆ, ಸಿಗದಿದ್ದರೂ ಬರೀತಾರೆ. ಇಷ್ಟೇ ಕೆಲಸ. ಇದಕ್ಕೂ ಸಂಬಳ ಕೊಡ್ತಾರಾ ಅಂತ ನಗಬೇಡ್ರಿ. ಅವರು ಬೇಡ ಅಂದರೆ ಒಂದು ಲಾರಿ ಹಣ್ಣು ನಿಂತ ಜಾಗದಲ್ಲೇ ನಿಲ್ಲುತ್ತದೆ. ವರ್ಷವಿಡೀ ನೀರು ಹೊತ್ತು, ಔಷಧಿ ಹೊಡೆದು, ಸಾಲ ತಂದು ಬೆಳೆದವನ ದುಡ್ಡೂ ಅದರ ಜೊತೆಗೇ ನಿಲ್ಲುತ್ತದೆ.

ಮೊದಲು, ಹೀಗೆ ನೋಡುವ ಜರೂರಿ ಯಾಕೆ ಬಂತು ಅನ್ನೋದು ತಿಳೀಬೇಕು. ದೂರ ಹೋಗೋದು ಬೇಡ. ನಿಮ್ಮ ಹೊಲದ ಬದುವಿಗೆ ಹೋಗ್ರಿ. ಸಣ್ಣ ಬಿಳಿ ಹೂವಿನ, ಗಜ್ಜರಿ ಸೊಪ್ಪಿನಂಥ ಎಲೆಯ ಒಂದು ಕಸ ಇರ್ತದೆ. ನಾವು ಅದನ್ನು ಕಾಂಗ್ರೆಸ್ ಕಸ ಅಂತೀವಿ. ಮರಾಠಿಯಲ್ಲಿ ಗಾಜರ ಗವತ ಅಂತಾರೆ. ಶಾಲೆಯ ಪುಸ್ತಕದಲ್ಲಿ ಪಾರ್ಥೇನಿಯಂ. ಕೈಯಿಂದ ಕಿತ್ತರೆ ಕೆಲವರಿಗೆ ಮೈಯೆಲ್ಲ ಕಡಿತ, ಕೆಲವರಿಗೆ ದಮ್ಮು. ಇದು ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. ನಮ್ಮ ದೇಶದಲ್ಲಿ ಇದನ್ನು ಗುರುತಿಸಿದ್ದು 1950ರ ದಶಕದ ನಡುವೆ, ಪುಣೆಯ ಹತ್ತಿರ. ಹೊರಗಿನಿಂದ ಬಂದ ಗೋದಿಯ ಜೊತೆ ಬೀಜ ಬಂತು ಅಂತ ಹೆಚ್ಚಿನವರು ಹೇಳ್ತಾರೆ. ಪುಣೆಯಿಂದ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತದ ತನಕ ಬರಲು ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಈಗ ಅದಿಲ್ಲದ ರಸ್ತೆ ತೋರಿಸ್ರಿ ನೋಡೋಣ!

ಇನ್ನೊಂದು, ಗೋವಿನಜೋಳಕ್ಕೆ ಬಿದ್ದ ಲಷ್ಕರಿ ಹುಳ. ಇದರದೂ ಅದೇ ತವರು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. 2018ರ ಮೇ ತಿಂಗಳಲ್ಲಿ ಕರ್ನಾಟಕದ ಶಿವಮೊಗ್ಗದಲ್ಲಿ ಕಂಡಿತು. ಭಾರತದಲ್ಲಿ ಅದೇ ಮೊದಲು. ಅದೇ ವರ್ಷ ಸೊಲ್ಲಾಪುರ ಜಿಲ್ಲೆಗೂ ಬಂತು. ಸುಳಿಯೊಳಗೆ ಕೂತು ತಿಂದು, ಕಟ್ಟಿಗೆಪುಡಿಯಂಥ ಹಿಕ್ಕೆ ಹಾಕುವ ಆ ಹುಳವನ್ನು ನಿಮ್ಮಲ್ಲಿ ಎಷ್ಟು ಮಂದಿ ಚಿಮಣಿ ಬೆಳಕಿನಲ್ಲಿ ಹುಡುಕಿಲ್ಲ, ಹೇಳ್ರಿ.

ಹೊಸ ಊರಿಗೆ ಬಂದ ಹುಳಕ್ಕೆ ಅಲ್ಲಿ ವೈರಿ ಇರುವುದಿಲ್ಲ. ಅದನ್ನು ತಿನ್ನುವ ಹಕ್ಕಿ, ಅದರ ಮೈಯಲ್ಲಿ ಮೊಟ್ಟೆ ಇಡುವ ಸಣ್ಣ ಕಣಜ, ಅದಕ್ಕೆ ಬರುವ ಬೂಷ್ಟು ಎಲ್ಲ ಹಳೇ ಊರಲ್ಲೇ ಉಳಿದಿರ್ತವೆ. ಅದಕ್ಕೇ ಅದು ಮೇರೆ ಮೀರಿ ಬೆಳೀತದೆ. ಪಪ್ಪಾಯಿ ಗಿಡಕ್ಕೆ ಬಿಳೀ ಹಿಟ್ಟು ಚೆಲ್ಲಿದಂಗೆ ಮುತ್ತುವ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಲ್ಲಿ ಕಂಡಿತು. ಔಷಧಿ ಹೊಡೆದು ಹೊಡೆದು ರೈತರು ಸೋತರು. ಆಮೇಲೆ 2010ರಲ್ಲಿ ಪೋರ್ಟೊ ರಿಕೊ ಅನ್ನೋ ದ್ವೀಪದಿಂದ ಅದರ ಹಳೇ ವೈರಿಯನ್ನೇ, ಅಂದ್ರೆ ಒಂದು ಪುಟ್ಟ ಕಣಜವನ್ನು, ಬೆಂಗಳೂರಿನ ವಿಜ್ಞಾನಿಗಳು ತರಿಸಿ ಬಿಟ್ಟರು. ಆಗ ಹತೋಟಿಗೆ ಬಂತು. ಆದರೆ ಎಲ್ಲ ಹುಳಕ್ಕೂ ಹೀಗೆ ಮದ್ದು ಸಿಗ್ತದೆ ಅನ್ನುವ ಖಾತ್ರಿ ಇಲ್ಲ. ಕಾಂಗ್ರೆಸ್ ಕಸದ ಮೇಲೂ ಮೆಕ್ಸಿಕೊದ ದುಂಬಿ ತಂದು ಬಿಟ್ಟರು. ಕಸ ಇನ್ನೂ ಇದೆ.

ಆದ್ದರಿಂದ ಎಲ್ಲ ದೇಶಗಳೂ ಬಾಗಿಲಲ್ಲಿ ಕಾವಲು ಇಟ್ಟಿವೆ. ನಮ್ಮಲ್ಲಿ 1914ರಲ್ಲೇ ಇದಕ್ಕೆ ಕಾಯಿದೆ ಬಂತು. ಅಮೆರಿಕದಲ್ಲಿ 1912ರಲ್ಲಿ. ಅಮೆರಿಕದ ಕಾಯಿದೆಗೆ ಮೊದಲು ನಡೆದ ಒಂದು ಸಂಗತಿ ಕೇಳುವಂಥದ್ದು. ಜಪಾನಿನ ಟೋಕಿಯೊ ನಗರ ಉಡುಗೊರೆಯಾಗಿ ಕಳಿಸಿದ 2,000 ಚೆರ್ರಿ ಗಿಡ 1910ರ ಜನವರಿಯಲ್ಲಿ ವಾಷಿಂಗ್ಟನ್ ನಗರ ಮುಟ್ಟಿದವು. ಗೆಳೆತನದ ಕಾಣಿಕೆ. ಗಿಡ ಬಿಚ್ಚಿ ನೋಡಿದ ಕೀಟಶಾಸ್ತ್ರದವರಿಗೆ ಬೇರಲ್ಲೂ ಕಾಂಡದಲ್ಲೂ ಹುಳ ಸಿಕ್ಕವು. ಈಗ ಏನು ಮಾಡೋದು? ಬೀಗರು ಕೊಟ್ಟ ಸೀರೆಯನ್ನು ಅವರೆದುರೇ ಒಲೆಗೆ ಹಾಕಿದಂಗೆ ಆಗ್ತದಲ್ಲ! ಅಧ್ಯಕ್ಷ ಟಾಫ್ಟ್ ಒಪ್ಪಿಗೆ ಕೊಟ್ಟರು, ಗಿಡ ಸುಟ್ಟರು. ಜಪಾನಿನವರು ಸಿಟ್ಟಾಗಲಿಲ್ಲ. ಶುದ್ಧ ಗಿಡ ಬೆಳೆಸಿ 1912ರಲ್ಲಿ 3,020 ಗಿಡ ಮತ್ತೆ ಕಳಿಸಿದರು. ವಾಷಿಂಗ್ಟನ್ನಿನಲ್ಲಿ ಇವತ್ತಿಗೂ ಜನ ನೋಡಲು ಹೋಗುವ ಚೆರ್ರಿ ಹೂವಿನ ಸಾಲು ಶುರುವಾದದ್ದು ಈ ಎರಡನೇ ಸಲದ ಗಿಡಗಳಿಂದ.

ಇಲ್ಲಿ ಒಂದು ಪ್ರಶ್ನೆ ಬರ್ತದೆ. ಬಂದ ಮೇಲೆ ನೋಡಿ ಸುಡುವುದಕ್ಕಿಂತ, ಹೊರಡುವ ಮೊದಲೇ ನೋಡಿದರೆ? ಹೊರಡುವ ಊರಲ್ಲೇ ಹುಳ ಸಿಕ್ಕರೆ ಹಣ್ಣನ್ನು ಊರ ಸಂತೆಯಲ್ಲಾದರೂ ಮಾರಬಹುದು. ಸಮುದ್ರ ದಾಟಿದ ಮೇಲೆ ಸಿಕ್ಕರೆ ಸಾಗಣೆಯ ಖರ್ಚೂ ಹೋಯ್ತು, ಹಣ್ಣೂ ಹೋಯ್ತು. ಹುಳಕ್ಕೆ ಹೊಸ ದೇಶದ ಬಾಗಿಲೂ ಕಂಡಿತು. ಹೀಗೆ ಶುರುವಾದದ್ದೇ ಪರದೇಶಕ್ಕೆ ಹೋಗಿ ತಪಾಸಣೆ ಮಾಡುವ ಪದ್ಧತಿ. ಅಮೆರಿಕದ ಕೃಷಿ ಇಲಾಖೆಯಲ್ಲಿ ಇದಕ್ಕೆಂದೇ ಒಂದು ವಿಭಾಗ ಇದೆ. ಪ್ರಾಣಿ ಮತ್ತು ಸಸ್ಯಗಳ ಆರೋಗ್ಯ ತಪಾಸಣೆ ಅದರ ಕೆಲಸ. ಸಂಕ್ಷೇಪದಲ್ಲಿ ಏಫಿಸ್ ಅಂತಾರೆ. ಇದರವರು ನೆದರ್‌ಲ್ಯಾಂಡ್ಸ್ ದೇಶದಲ್ಲಿ ಟುಲಿಪ್ ಹೂವಿನ ಗಡ್ಡೆ ನೋಡ್ತಾರೆ, ಚಿಲಿಯಲ್ಲಿ ದ್ರಾಕ್ಷಿ ನೋಡ್ತಾರೆ, ಮೆಕ್ಸಿಕೊದಲ್ಲಿ ಮಾವು ನೋಡ್ತಾರೆ. 2007ರಲ್ಲಿ ನಮ್ಮ ಮಹಾರಾಷ್ಟ್ರಕ್ಕೂ ಬಂದರು.

ಆ ಕಥೆ ನಮಗೆ ಹತ್ತಿರದ್ದು. ಅಮೆರಿಕದವರು ನಮ್ಮ ಮಾವನ್ನು ವರ್ಷಗಟ್ಟಲೆ ಒಳಗೆ ಬಿಟ್ಟಿರಲಿಲ್ಲ. 2006ರ ಮಾರ್ಚ್‌ನಲ್ಲಿ ಅಧ್ಯಕ್ಷ ಬುಷ್ ದಿಲ್ಲಿಗೆ ಬಂದಾಗ ಮಾತಾಯಿತು. 2007ರ ಏಪ್ರಿಲ್‌ನಲ್ಲಿ ಮೊದಲ ಆಪೂಸ್ ಪೆಟ್ಟಿಗೆ ಹೋಯಿತು. ಹೋದದ್ದು ನಾಸಿಕ ಜಿಲ್ಲೆಯ ಲಾಸಲ್‌ಗಾಂವ್‌ದಿಂದ. ಹೌದ್ರಿ, ಉಳ್ಳಾಗಡ್ಡಿ ಪೇಟೆಯ ಲಾಸಲ್‌ಗಾಂವ್. ಉಳ್ಳಾಗಡ್ಡಿ ಮೊಳಕೆ ಒಡೆಯದಂತೆ ಕಿರಣ ಹಾಯಿಸಲು ಭಾಭಾ ಅಣುಸಂಶೋಧನ ಕೇಂದ್ರದವರು ಅಲ್ಲಿ ಒಂದು ಘಟಕ ಕಟ್ಟಿದ್ದರು. ಅದನ್ನೇ ಮಾವಿಗೂ ಬಳಸಿದರು. ಅಮೆರಿಕದ ಅಧಿಕಾರಿ ಅಲ್ಲೇ ಬಂದು ಕೂತು ನೋಡಬೇಕು ಅನ್ನೋದು ಕರಾರು. ಆಮೇಲೆ ನವಿ ಮುಂಬಯಿಯ ವಾಶಿಯಲ್ಲಿ, ಕೋಲಾರ ಜಿಲ್ಲೆಯ ಮಾಲೂರಿನಲ್ಲಿ, ಇನ್ನೂ ಕೆಲವು ಕಡೆ ಇಂಥ ಘಟಕಗಳಿಗೆ ಒಪ್ಪಿಗೆ ಸಿಕ್ಕಿತು.

ಮಾವಿನಲ್ಲಿ ಅವರಿಗೆ ಹೆದರಿಕೆ ಯಾವುದರದು? ಒಂದು ಹಣ್ಣು ನೊಣ. ಹೆಣ್ಣು ನೊಣ ಸೂಜಿಯಂಥ ಅಂಗದಿಂದ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡ್ತದೆ. ಎರಡು ಮೂರು ದಿನಕ್ಕೆ ಹುಳು ಒಡೆದು ತಿರುಳು ತಿನ್ನತೊಡಗುತ್ತವೆ. ಹಣ್ಣು ಕೊಳೆತು ಬೀಳ್ತದೆ, ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತವೆ, ಮತ್ತೆ ನೊಣ ಆಗ್ತವೆ. ಇದಕ್ಕಾದರೆ ಬಿಸಿನೀರಿನ ಉಪಾಯ ಇದೆ. ಯುರೋಪಿಗೆ ಹೋಗುವ ಮಾವನ್ನು 48 ಡಿಗ್ರಿ ಬಿಸಿಯ ನೀರಲ್ಲಿ 60 ನಿಮಿಷ ಇಡ್ತಾರೆ. ಜಪಾನಿನವರು ಬಿಸಿ ಹಬೆ ಕೇಳ್ತಾರೆ. ಅವರೂ ತಮ್ಮ ಅಧಿಕಾರಿಯನ್ನು ಹಂಗಾಮಿನಲ್ಲಿ ಇಲ್ಲಿಗೆ ಕಳಿಸಿ ನೋಡಿಸಿದ್ದಾರೆ.

ಇನ್ನೊಂದು ಓಟೆ ಕೊರೆಯುವ ಮೂತಿಹುಳ. ಇದು ಭಾರಿ ಕಪಟಿ. ಮಾವಿನಕಾಯಿ ಗೋಲಿಯಷ್ಟಿದ್ದಾಗಲೇ ಮೇಲೆ ಮೊಟ್ಟೆ ಇಡ್ತದೆ. ಮರಿಹುಳ ಒಳಗೆ ಕೊರೆದು ಓಟೆಯ ಒಳಗೆ ಹೋಗಿ ಕೂಡ್ತದೆ. ಹೋದ ದಾರಿಯ ಗಾಯ ಕಾಯಿ ಬೆಳೆದಂತೆ ಮಾಯ್ದು ಹೋಗ್ತದೆ. ಹೊರಗೆ ನೋಡಿದರೆ ಹಣ್ಣು ಬಂಗಾರದಂಗೆ. ತಿಂದರೂ ಗೊತ್ತಾಗೋದಿಲ್ಲ. ಓಟೆ ಒಡೆದಾಗಲೇ ಕರೀ ಹುಳ ಹೊರಗೆ ಬರ್ತದೆ. ನೀವೂ ನೋಡಿರ್ತೀರಿ. ಬಿಸಿನೀರು ಅಷ್ಟು ಒಳಗಿನ ಹುಳವನ್ನು ಮುಟ್ಟಲಾರದು.

ಹಾಗಾದರೆ ಹಣ್ಣು ಕೊಯ್ದು ನೋಡಿದರೆ ಸಾಲದೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪಾಟಿ ತೆಗೀರಿ. ರಾಶಿಯಲ್ಲಿ ನೂರಕ್ಕೆ ಐದು ಹಣ್ಣು ಹುಳುಕು ಅಂತ ಇಟ್ಟುಕೊಳ್ಳಿ. ಕಣ್ಣುಮುಚ್ಚಿ 59 ಹಣ್ಣು ತೆಗೆದು ಕೊಯ್ದರೆ, ಒಂದಾದರೂ ಹುಳುಕು ಸಿಗುವ ಸಂಭವ ನೂರರಲ್ಲಿ 95. ಇದು ಒಳ್ಳೆಯದಾಯಿತು. ಆದರೆ ಹುಳುಕು ನೂರಕ್ಕೆ ಒಂದೇ ಇದ್ದರೆ? ಆಗ ಅಷ್ಟೇ ಭರವಸೆಗೆ 299 ಹಣ್ಣು ಕೊಯ್ಯಬೇಕು. ಸಾವಿರಕ್ಕೆ ಒಂದಿದ್ದರೆ ಸುಮಾರು 3,000 ಹಣ್ಣು! ಹುಳ ಕಡಿಮೆ ಇದ್ದಷ್ಟೂ ಹುಡುಕುವುದು ಕಷ್ಟ. ಹೀಗೇ ಕೊಯ್ತಾ ಹೋದರೆ ಕಳಿಸಲು ಏನು ಉಳೀತದೆ? ನನ್ನ ಪ್ರಕಾರ ಈ ನೌಕರಿಯ ತಿರುಳು ಇರುವುದೇ ಈ ಲೆಕ್ಕದಲ್ಲಿ. ಎಲ್ಲವನ್ನೂ ನೋಡಲು ಆಗೋದಿಲ್ಲ. ಸ್ವಲ್ಪ ನೋಡಿ, ಎಲ್ಲದಕ್ಕೂ ಸಹಿ ಹಾಕಬೇಕು. ಆದ್ದರಿಂದ ಪೆಟ್ಟಿಗೆ ಆರಿಸುವುದು ಮಾರುವವನ ಕೈಯಲ್ಲಿ ಇರುವುದಿಲ್ಲ. ಮೇಲಿನ ಸಾಲಿನ ಚಂದದ ಪೆಟ್ಟಿಗೆ ಮುಂದಿಟ್ಟರೆ ಅಧಿಕಾರಿ ಅದನ್ನು ಪಕ್ಕಕ್ಕಿಟ್ಟು ನಡುವಿನದನ್ನು ಎಳೀತಾನೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ನಮ್ಮ ಅವ್ವಂದಿರು ಮಾಡುವುದೂ ಇದನ್ನೇ.

ನೋಡುವುದರಿಂದ ಮಾತ್ರ ಆಗೋದಿಲ್ಲ ಅಂದಾಗ ಕಿರಣದ ಉಪಾಯ ಬಂತು. ಹಣ್ಣಿನ ಪೆಟ್ಟಿಗೆಗಳು ದಪ್ಪ ಗೋಡೆಯ ಕೋಣೆಯೊಳಗೆ ಸಾಗ್ತವೆ. ಅಲ್ಲಿ ಕೋಬಾಲ್ಟ್ ಎಂಬ ಧಾತುವಿನಿಂದ ಹೊರಡುವ ಕಿರಣ ಹಣ್ಣಿನ ಮೂಲಕ ಹಾದು ಹೋಗ್ತದೆ. ಓಟೆಯ ಒಳಗಿನ ಹುಳಕ್ಕೂ ತಾಗ್ತದೆ. ಇದರ ಅಳತೆಗೆ ಗ್ರೇ ಅಂತಾರೆ. ಹಾಲಿಗೆ ಲೀಟರ್ ಇದ್ದಂಗೆ. ಅಮೆರಿಕಕ್ಕೆ ಹೋಗುವ ಮಾವಿಗೆ ಕಡಿಮೆ ಅಂದರೂ 400 ಗ್ರೇ ಬೀಳಬೇಕು. ಉಳ್ಳಾಗಡ್ಡಿಗೆ ಇದಕ್ಕಿಂತ ತೀರ ಕಡಿಮೆ ಸಾಕು. ಇದರಿಂದ ಹಣ್ಣಿನಲ್ಲಿ ಅಣುವಿಕಿರಣ ಉಳಿಯೋದಿಲ್ಲ. ಬಿಸಿಲಿಗೆ ಒಣಗಿಸಿದ ಹಪ್ಪಳದಲ್ಲಿ ಬಿಸಿಲು ಉಳಿಯೋದಿಲ್ಲ, ಹಾಗೆ. ತಿನ್ನಲು ಹೆದರಬೇಕಾಗಿಲ್ಲ.

ಆದರೆ ಒಂದು ವಿಚಿತ್ರ ಕೇಳ್ರಿ. ಈ 400 ಗ್ರೇ ಹುಳವನ್ನು ಆ ಕ್ಷಣಕ್ಕೇ ಕೊಲ್ಲಬೇಕೆಂದಿಲ್ಲ. ಅದರ ಸಂತಾನ ನಿಲ್ಲಿಸ್ತದೆ. ಮರಿಹುಳ ದೊಡ್ಡದಾಗೋದಿಲ್ಲ, ದೊಡ್ಡದಕ್ಕೆ ಮರಿ ಆಗೋದಿಲ್ಲ. ಅಂದ್ರೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದು ಹಣ್ಣು ಕೊಯ್ದರೆ ಒಳಗೆ ಜೀವಂತ ಹುಳ ಇರಲೂಬಹುದು. ಆ ಹುಳಕ್ಕೆ ಕಿರಣ ತಾಗಿದೆಯೋ ಇಲ್ಲವೋ ಅಂತ ಬರಿಗಣ್ಣಿಂದ ಹೇಳಲು ಬರೋದಿಲ್ಲ. ಹಾಗಾದರೆ ಹೇಗೆ ನಂಬೋದು? ಕಿರಣ ಹಾಯಿಸುವಾಗ ಯಾರಾದರೂ ಪಕ್ಕದಲ್ಲಿ ನಿಂತು ನೋಡಿರಬೇಕು. ಪೆಟ್ಟಿಗೆಯ ಜೊತೆ ಇಟ್ಟ ಅಳತೆಯ ಗುರುತನ್ನು ಓದಿರಬೇಕು. ಓದಿದ್ದನ್ನು ಬರೆದು ಸಹಿ ಮಾಡಿರಬೇಕು. ಪರದೇಶದ ಅಧಿಕಾರಿ ಲಾಸಲ್‌ಗಾಂವ್‌ದ ಬಿಸಿಲಲ್ಲಿ ಬಂದು ಕೂತದ್ದು ಇದಕ್ಕೇ. ಅವನ ಒಂದು ಸಹಿಯೇ ಹಣ್ಣಿನ ಸಾಕ್ಷಿ.

ಸಹಿಯ ಮಾತು ಬಂತಲ್ಲ, 2025ರ ಮೇ ತಿಂಗಳಲ್ಲಿ ಏನಾಯ್ತು ನೋಡ್ರಿ. ನವಿ ಮುಂಬಯಿಯಲ್ಲಿ ಮೇ 8 ಮತ್ತು 9ರಂದು ಕಿರಣ ಹಾಯಿಸಿದ ಮಾವು ವಿಮಾನದಲ್ಲಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ ನಿಲ್ದಾಣಗಳಲ್ಲಿ ಕನಿಷ್ಠ 15 ಕಂತು ಮಾಲನ್ನು ತಡೆದರು. ಹುಳ ಸಿಕ್ಕಿದ್ದಕ್ಕಲ್ಲ. ಕಿರಣ ಹಾಯಿಸಿದ್ದಕ್ಕೆ ಸಾಕ್ಷಿಯಾಗಿ ಬರಬೇಕಾದ ಫಾರ್ಮು ಸರಿಯಾಗಿಲ್ಲ ಅಂತ. ಆ ಫಾರ್ಮಿಗೆ ಸಹಿ ಹಾಕಬೇಕಾದವರು ಘಟಕದಲ್ಲಿ ಇರುವ ಅಮೆರಿಕದ ಅಧಿಕಾರಿಯೇ. ತಪ್ಪು ನಮ್ಮದಲ್ಲ, ಕಾಗದ ಇಲ್ಲದೆ ವಿಮಾನಕ್ಕೆ ಹೇಗೆ ಹತ್ತಿಸ್ತಿದ್ವಿ ಅಂತ ರಫ್ತಿನವರು ಕೇಳಿದರು. ಅಲ್ಲಿಯವರು ಕೇಳಲಿಲ್ಲ. ವಾಪಸ್ ಒಯ್ಯಿರಿ, ಇಲ್ಲ ನಾಶ ಮಾಡಿರಿ ಅಂದರು. ವಾಪಸ್ ತರುವ ಖರ್ಚು ಹಣ್ಣಿನ ಬೆಲೆಯನ್ನೂ ಮೀರ್ತದೆ. ನಾಶ ಮಾಡಿದರು. ಸುಮಾರು 5 ಲಕ್ಷ ಡಾಲರ್ ನಷ್ಟ ಅಂತ ರಫ್ತಿನವರ ಅಂದಾಜು. ಹಣ್ಣು ಚೆನ್ನಾಗಿತ್ತು. ಕಾಗದ ಸರಿ ಇರಲಿಲ್ಲ. ನನಗೆ ಈ ಸುದ್ದಿ ಓದಿದಾಗ ಹೊಟ್ಟೆ ಉರಿಯಿತು. ಆದರೂ ಮೇಲೆ ಹೇಳಿದ ಮಾತು ನೆನಪಿಸಿಕೊಳ್ಳಿ. ಹುಳದ ಮುಖ ನೋಡಿ ಹೇಳಲು ಬಾರದಿದ್ದಾಗ, ಕಾಗದ ಬಿಟ್ಟರೆ ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಮನುಷ್ಯನೇ ಬರಲಾಗದಿದ್ದರೆ ಏನಾಗ್ತದೆ ಅನ್ನೋದನ್ನೂ ನಾವು ನೋಡಿದ್ವಿ. 2020ರಲ್ಲಿ ಕೊರೊನಾ ಬಂತು. ಅಧಿಕಾರಿಗಳು ವಿಮಾನ ಹತ್ತಲಾಗಲಿಲ್ಲ. ಇಲ್ಲಿ ಮಾವು ಹಣ್ಣಾಯಿತು, ಘಟಕ ಇತ್ತು, ಕಿರಣ ಇತ್ತು, ನೋಡುವ ಕಣ್ಣು ಇರಲಿಲ್ಲ. 2020, 2021 ಎರಡು ಹಂಗಾಮು ಅಮೆರಿಕದ ದಾರಿ ಮುಚ್ಚಿತು. 2022ರಲ್ಲಿ ಮತ್ತೆ ತೆರೆಯಿತು. ಈ ಮೇಲ್ವಿಚಾರಣೆಯನ್ನು ಹಂತ ಹಂತವಾಗಿ ನಮ್ಮ ದೇಶದವರಿಗೇ ಒಪ್ಪಿಸಬೇಕು ಅಂತ ಎರಡು ಸರಕಾರಗಳ ನಡುವೆ ಒಪ್ಪಂದವೂ ಆಯಿತು. ಅದೇ ಮಾತುಕತೆಯಲ್ಲಿ ನಮ್ಮ ಮಾವು, ದಾಳಿಂಬೆಗೆ ಅಲ್ಲಿ ದಾರಿ, ಅವರ ಚೆರ್ರಿ ಹಣ್ಣಿಗೆ, ಕುದುರೆಮೆಂತೆಯ ಒಣಮೇವಿಗೆ ಇಲ್ಲಿ ದಾರಿ ಅಂತ ಕೊಡುಕೊಳ್ಳುವಿಕೆ ನಡೆಯಿತು. ಹುಳದ ಹೆಸರು ಹೇಳಿ ವ್ಯಾಪಾರದ ಗೋಡೆ ಕಟ್ತಾರೆ ಅಂತ ಕೆಲವರು ದೂರುತ್ತಾರೆ. ಪೂರ್ತಿ ಸುಳ್ಳಲ್ಲ. ಹಣ್ಣಿನ ಮಾತು ಶುರುವಾಗುವುದು ಹುಳದಿಂದ, ಮುಗಿಯುವುದು ಲೇವಾದೇವಿಯಿಂದ. ಹಾಗಂತ ಹುಳ ಸುಳ್ಳಲ್ಲ. 2013ರಲ್ಲಿ ಯುರೋಪಿನವರು ಭಾರತದ 207 ಕಂತು ಹಣ್ಣು ತರಕಾರಿಯಲ್ಲಿ ಹುಳ ಕಂಡರು. 2014ರ ಮೇ 1ರಿಂದ ಮಾವು, ಬದನೆ, ಹಾಗಲ, ಪಡವಲ, ಕೆಸುವಿನ ಎಲೆ ಎಲ್ಲ ಬಂದ್ ಮಾಡಿದರು. ನಮ್ಮವರು ಪ್ಯಾಕ್‌ಹೌಸಿನಲ್ಲಿ ತಪಾಸಣೆ ಕಡ್ಡಾಯ ಮಾಡಿದ ಮೇಲೆ 2015ರ ಮೊದಲಲ್ಲಿ ಮಾವಿನ ಮೇಲಿನ ನಿಷೇಧ ತೆಗೆದರು.

ಈ ಅಧಿಕಾರಿಯ ಬದುಕು ಹೇಗಿರ್ತದೆ ಅಂತ ನೀವು ಕೇಳಬಹುದು. ಸುಖದ್ದು ಅಂತ ತಿಳೀಬೇಡ್ರಿ. ಅವನ ಖರ್ಚು ಬರುವುದು ರಫ್ತು ಮಾಡುವವರ ಕಡೆಯಿಂದಲೇ. ಅವರ ಹಣ್ಣಿಗೇ ಅವನು ಬೇಡ ಅನ್ನಬೇಕಾಗ್ತದೆ. ಚಹಾ ಕೊಡ್ತಾರೆ, ಊಟ ಹಾಕ್ತಾರೆ, ಹೊರಗೆ ಲಾರಿ ಸಾಲು ನಿಂತಿರ್ತದೆ. ಬೇಗ ಮುಗಿಸ್ರಿ ಸಾಹೇಬ್ರ ಅಂತಾರೆ. ಒಂದು ಹುಳ ಕಂಡರೂ ಕಂಡಿಲ್ಲ ಅನ್ನುವಂತಿಲ್ಲ.

ಮೆಕ್ಸಿಕೊ ದೇಶದಲ್ಲಿ ಮಿಚೊಆಕಾನ್ ಅಂತ ಒಂದು ರಾಜ್ಯ ಇದೆ. ಅಲ್ಲಿ ಬೆಣ್ಣೆಹಣ್ಣು ಬೆಳೀತಾರೆ. ಅದಕ್ಕೆ ಅವರು ಹಸಿರು ಬಂಗಾರ ಅಂತ ಹೆಸರಿಟ್ಟಿದ್ದಾರೆ. ಬೀಜ ಕೊರೆಯುವ ಹುಳದ ಹೆದರಿಕೆಯಿಂದ ಅಮೆರಿಕ 1914ರಲ್ಲಿ ಅದನ್ನು ನಿಷೇಧಿಸಿತ್ತು. 1997ರಲ್ಲಿ, ಅಂದ್ರೆ 83 ವರ್ಷದ ಮೇಲೆ, ತನ್ನ ಅಧಿಕಾರಿಗಳು ತೋಟಕ್ಕೇ ಹೋಗಿ ನೋಡಬೇಕೆಂಬ ಕರಾರಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಾಗಿಲು ತೆರೆಯಿತು. ಬಂಗಾರ ಇದ್ದಲ್ಲಿ ಕಳ್ಳರೂ ಇರ್ತಾರೆ. ಗುಂಡಾಗಳ ಪಡೆಗಳು ತೋಟದವರಿಂದ ಹಫ್ತಾ ವಸೂಲಿ ಮಾಡ್ತವೆ. 2022ರ ಫೆಬ್ರುವರಿಯಲ್ಲಿ ಅಲ್ಲಿದ್ದ ಅಮೆರಿಕದ ಒಬ್ಬ ಅಧಿಕಾರಿಯ ಫೋನಿಗೆ ಬೆದರಿಕೆ ಬಂತು. ಸುಮಾರು ಒಂದು ವಾರ ತಪಾಸಣೆ ನಿಲ್ಲಿಸಿದರು. ತಪಾಸಣೆ ಇಲ್ಲ ಅಂದ ಮೇಲೆ ಹಣ್ಣೂ ಇಲ್ಲ. 2024ರ ಜೂನ್‌ನಲ್ಲಿ ಇಬ್ಬರು ಅಧಿಕಾರಿಗಳನ್ನು ದಾರಿಯಲ್ಲಿ ತಡೆದು, ಹಲ್ಲೆ ಮಾಡಿ, ಹಿಡಿದಿಟ್ಟುಕೊಂಡರು. ಆಮೇಲೆ ಬಿಟ್ಟರು. ಮತ್ತೆ ತಪಾಸಣೆ ನಿಂತಿತು. ಮಾವಿನದೂ ನಿಂತಿತು. ಕೂಲಿಗಳು ಬರಿಗೈಲಿ ಕೂತರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಬೆಣ್ಣೆಹಣ್ಣಿನ ತಪಾಸಣೆಯನ್ನು ಮೆಕ್ಸಿಕೊ ಸರಕಾರದ ಅಧಿಕಾರಿಗಳೇ ಮಾಡಲಿ ಅಂತ ಎರಡೂ ದೇಶ ಒಪ್ಪಿದವು. ಕೆಲವರು ಅದು ಒಳ್ಳೆಯದಾಯ್ತು ಅಂದರು. ನನಗೊಂದು ಅನುಮಾನ. ಪರದೇಶದವನಿಗೆ ಬೆದರಿಕೆ ಬಂದರೆ ದೊಡ್ಡ ಸುದ್ದಿ, ಅವನು ಊರಿಗೆ ಹೋಗಬಹುದು. ಅದೇ ಊರಿನವನಿಗೆ ಬಂದರೆ? ಅವನ ಮನೆ, ಹೆಂಡತಿ ಮಕ್ಕಳು ಎಲ್ಲ ಅಲ್ಲೇ ಇರ್ತಾರಲ್ಲ.

ಇನ್ನು ನಮ್ಮ ದಾಳಿಂಬೆಗೆ ಬರೋಣ. ಸೊಲ್ಲಾಪುರ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ದಾಳಿಂಬೆಗೆಂದೇ ಇರುವ ರಾಷ್ಟ್ರೀಯ ಸಂಶೋಧನ ಕೇಂದ್ರ ಇರುವುದೂ ಸೊಲ್ಲಾಪುರದಲ್ಲೇ. 2023ರಲ್ಲಿ ವಿಮಾನದ ಮೂಲಕ ಪ್ರಯೋಗಕ್ಕೆ ಅಮೆರಿಕಕ್ಕೆ ದಾಳಿಂಬೆ ಹೋಯಿತು. 2025ರಲ್ಲಿ ಹಡಗಿನ ಮೂಲಕ ಭಗವಾ ತಳಿಯ ಹಣ್ಣು ನ್ಯೂಯಾರ್ಕ್ ಮುಟ್ಟಿತು. ಸುಮಾರು ಐದು ವಾರದ ದಾರಿ.

ದಾಳಿಂಬೆ ನೋಡುವವನು ಮೊದಲು ಕಿರೀಟ ನೋಡ್ತಾನೆ. ಹಣ್ಣಿನ ತುದಿಯಲ್ಲಿ ಹಲ್ಲು ಹಲ್ಲಾಗಿ ಇರ್ತದಲ್ಲ, ಅದು. ಹಿಟ್ಟು ತಿಗಣೆಗೆ ಅದು ಹೇಳಿ ಮಾಡಿಸಿದ ಮನೆ. ಹೊರಗಿನಿಂದ ಗಾಳಿ ಹೊಡೆದು ತೊಳೆದರೂ ಕೇಸರದ ಸಂದಿಯಲ್ಲಿ ಕೂತಿರ್ತದೆ. ಅದಕ್ಕೇ ಬೂದುಗಾಜು ಹಿಡಿದು, ಬ್ಯಾಟರಿ ಬೆಳಕು ಬಿಟ್ಟು ನೋಡಬೇಕು. ಆಮೇಲೆ ಸಿಪ್ಪೆಯ ಮೇಲೆ ಸಣ್ಣ ತೂತು ಇದೆಯಾ ನೋಡಬೇಕು. ಇದ್ದರೆ ಒಳಗೆ ಹಣ್ಣು ಕೊರಕ. ಮೂರನೆಯದು ಎಣ್ಣೆ ಹಚ್ಚಿದಂಥ ಕರೀ ಕಲೆ, ನಡುವೆ ಸೀಳು. ಇದರ ಹೆಸರು ಹೇಳಬೇಕಾಗಿಲ್ಲ. ತೇಲ್ಯಾ ಅಂದರೆ ಸಾಂಗೋಲೆ ಕಡೆಯ ರೈತ ಇವತ್ತಿಗೂ ಬೆಚ್ಚಿ ಬೀಳ್ತಾನೆ. 2000ದ ದಶಕದಲ್ಲಿ ಎಷ್ಟು ತೋಟ ಕಿತ್ತು ಹಾಕಿದರು ಅನ್ನೋದನ್ನು ಕಂಡವರು ನಮ್ಮಲ್ಲೇ ಇದ್ದೀರಿ. ಇದು ಹುಳ ಅಲ್ಲ, ದುಂಡಾಣು. ಹುಳದ ಸಂತಾನ ನಿಲ್ಲಿಸುವ 400 ಗ್ರೇ ಕಿರಣಕ್ಕೆ ಇದು ಬಗ್ಗೋದಿಲ್ಲ. ಇಲ್ಲಿ ಕಣ್ಣೇ ಗತಿ. ಅದೂ ಪ್ಯಾಕ್‌ಹೌಸಿನ ಕಣ್ಣಲ್ಲ, ತೋಟದ ಕಣ್ಣು. ಕಲೆ ಬಿದ್ದ ಕಾಯಿ ತೋಟದಲ್ಲೇ ಆರಿಸಿ ಸುಡದಿದ್ದರೆ ಪೆಟ್ಟಿಗೆ ತನಕ ಬರ್ತದೆ.

ಹಾಗಾಗಿ ಪರದೇಶದ ಸಾಹೇಬನಿಗಿಂತ ಮೊದಲು ಈ ಕೆಲಸ ಮಾಡುವವರು ಯಾರು? ಹಣ್ಣು ಕತ್ತರಿಸುವ, ಒರೆಸುವ, ಸೈಜು ಬೇರೆ ಮಾಡುವ ನಮ್ಮ ಹೆಣ್ಣುಮಕ್ಕಳು. ದಿನಕ್ಕೆ ಸಾವಿರಗಟ್ಟಲೆ ಹಣ್ಣು ಅವರ ಕೈಯಲ್ಲಿ ತಿರುಗ್ತದೆ. ಯಾವ ಅಧಿಕಾರಿಯೂ ಅಷ್ಟು ಹಣ್ಣು ಮುಟ್ಟುವುದಿಲ್ಲ. ಕೂಲಿ ಮಾತ್ರ ಎಣಿಸಿ ಕೊಡೋದು ಕ್ರೇಟಿನ ಲೆಕ್ಕಕ್ಕೆ, ಹಿಡಿದ ಹುಳದ ಲೆಕ್ಕಕ್ಕಲ್ಲ. ಇದು ನನಗೆ ಸರಿ ಕಾಣೋದಿಲ್ಲ. ಬೇಗ ಬೇಗ ತುಂಬಿದವಳಿಗೆ ಹೆಚ್ಚು, ನಿಂತು ನೋಡಿದವಳಿಗೆ ಕಡಿಮೆ ಅಂದರೆ ಯಾರು ತಾನೇ ನಿಂತು ನೋಡ್ತಾರೆ?

ಪ್ಯಾಕ್‌ಹೌಸಿಗೆ ಕೆಲಸಕ್ಕೆ ಹೋಗುವವರು ಕೆಲವು ಗುರುತು ಓದಲು ಕಲಿತಿರಬೇಕು. ಹಣ್ಣು ಹೊರುವ ಕಟ್ಟಿಗೆಯ ಪಾಟ, ಅಂದ್ರೆ ಪ್ಯಾಲೆಟ್, ಅದರ ಮೈಮೇಲೆ ಸುಟ್ಟು ಹಾಕಿದ ಒಂದು ಮುದ್ರೆ ನೋಡ್ರಿ. ಗೋದಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡು ಅಕ್ಷರ, ಒಂದು ನಂಬರು, ಕೊನೆಗೆ ಎಚ್.ಟಿ. ಅಂತ ಇರ್ತದೆ. ಕಟ್ಟಿಗೆಯ ಒಳತಿರುಳು 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇದ್ದಿದೆ, ಒಳಗೆ ಕಟ್ಟಿಗೆಹುಳ ಉಳಿದಿಲ್ಲ ಅಂತ ಅದರ ಅರ್ಥ. ಮುದ್ರೆ ಇಲ್ಲದ ಪಾಟದ ಮೇಲೆ ಎಂಥ ಒಳ್ಳೆ ಹಣ್ಣು ಇಟ್ಟರೂ ಬಂದರಿನಲ್ಲಿ ನಿಲ್ಲಿಸ್ತಾರೆ. ಮುರಿದ ಪಾಟಕ್ಕೆ ಹಿತ್ತಲಿನ ಹಲಗೆ ಬಡಿದು ಕಳಿಸಬಾರದು.

ತೋಟ ಇದ್ದವರಿಗೆ ಇನ್ನೊಂದು ಓದು ಇದೆ. ಪರದೇಶಕ್ಕೆ ಹೋಗುವ ಹಣ್ಣಿನ ತೋಟವನ್ನು ಕೃಷಿ ಇಲಾಖೆಯಲ್ಲಿ ನೋಂದಾಯಿಸಬೇಕು. ದ್ರಾಕ್ಷಿಗೆ ಗ್ರೇಪ್‌ನೆಟ್, ದಾಳಿಂಬೆಗೆ ಅನಾರ್‌ನೆಟ್, ಮಾವಿಗೆ ಮ್ಯಾಂಗೋನೆಟ್. ಯಾವ ದಿನ ಯಾವ ಔಷಧಿ ಎಷ್ಟು ಹೊಡೆದಿರಿ ಅಂತ ವಹಿಯಲ್ಲಿ ಬರೆದಿಡಬೇಕು. ಪೆಟ್ಟಿಗೆಯ ಮೇಲಿನ ನಂಬರಿನಿಂದ ಹಿಂದಕ್ಕೆ ಹೋದರೆ ನಿಮ್ಮ ಹೊಲದ ಹೆಸರು ಸಿಗಬೇಕು. ನಮ್ಮ ಕಡೆ ತೊಂದರೆ ಏನಂದ್ರೆ ಫಾರ್ಮು ಮರಾಠಿಯಲ್ಲಿ, ಔಷಧಿ ಡಬ್ಬಿ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಮೂರನ್ನೂ ಹೊಂದಿಸಿ ಬರೆಯುವ ಕೆಲಸ ಹೆಚ್ಚಾಗಿ ಶಾಲೆಗೆ ಹೋಗುವ ಮಗುವಿನ ತಲೆಗೆ ಬೀಳ್ತದೆ. ನೀವು ಅಂಕಿ, ತಾರೀಖು, ಔಷಧಿಯ ಹೆಸರು ಇಷ್ಟನ್ನು ಓದಿ ಬರೆಯಲು ಕಲಿತರೂ ಆ ಮಗು ಆಟಕ್ಕೆ ಹೋದೀತು.

ಒಂದು ಮನೆಯ ಮಾತು ಉಳಿಯಿತು. ಮಗ ಅಮೆರಿಕದಲ್ಲಿದ್ದಾನೆ, ಬಾಣಂತನಕ್ಕೆ ಹೊರಟಿದ್ದೀವಿ ಅನ್ನುವ ಅವ್ವಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಚೀಲದಲ್ಲಿ ಹಸಿ ಕರಿಬೇವು ಕಟ್ಟಿಕೊಂಡು ಹೋಗಬೇಡ್ರಿ. ಲಿಂಬೆ, ಕಿತ್ತಳೆ ಗಿಡ ಹಾಳು ಮಾಡುವ ರೋಗವನ್ನು ಹೊತ್ತು ತಿರುಗುವ ಒಂದು ಸಣ್ಣ ಹೇನು ಕರಿಬೇವಿನ ಎಲೆ ಮೇಲೂ ಇರ್ತದೆ. ಅದಕ್ಕೆ ಅಲ್ಲಿ ಹಸಿ ಕರಿಬೇವಿಗೆ ಪೂರ್ತಿ ನಿಷೇಧ. ನಿಲ್ದಾಣದಲ್ಲಿ ಮೂಸಿ ನೋಡುವ ನಾಯಿಗಳಿವೆ. ಬೀಗಲ್ ಅಂತ ಗಿಡ್ಡ ಕಾಲಿನ, ಜೋಲುಕಿವಿಯ ನಾಯಿ. ಕಚ್ಚೋದಿಲ್ಲ. ಚೀಲದ ಪಕ್ಕ ಬಂದು ಸುಮ್ಮನೆ ಕೂತುಬಿಡ್ತದೆ. ಅದು ಕೂತರೆ ಚೀಲ ಬಿಚ್ಚಿದಂತೆಯೇ. ಏನೇನು ತಂದಿದ್ದೀರಿ ಅಂತ ಕೇಳಿದಾಗ ಇದ್ದದ್ದು ಇದ್ದಂಗೆ ತಿಳಿಸಿದರೆ ವಸ್ತು ಮಾತ್ರ ಹೋಗ್ತದೆ. ಮುಚ್ಚಿಟ್ಟರೆ ದಂಡವೂ ಬೀಳ್ತದೆ.

ಈಗ ನನ್ನ ಮಾತು ಸಾಕು. ಮನೆಯಿಂದ ಹಣ್ಣು ತನ್ನಿರಿ ಅಂತ ಮೊನ್ನೆ ಹೇಳಿದ್ದೆ. ತಂದವರು ಮುಂದೆ ಇಡ್ರಿ. ಬೂದುಗಾಜು ಒಂದೇ ಇದೆ, ಸರದಿಯಲ್ಲಿ ನೋಡೋಣ. ಮೊದಲು ಕಿರೀಟ, ಆಮೇಲೆ ಸಿಪ್ಪೆ, ಆಮೇಲೆ ಚಾಕು. ಏನು ಕಂಡಿತು ಅನ್ನೋದನ್ನು ಪಾಟಿಯ ಮೇಲೆ ನಿಮ್ಮ ಕೈಯಿಂದಲೇ ಬರೀರಿ. ಕೆಳಗೆ ತಾರೀಖು ಹಾಕಿ ಸಹಿ ಮಾಡ್ರಿ.